ಕೇಳಿದರಷ್ಟೇ ಕಾಣುವುದು

ಕಣ್ಣಿನ ಪಾಪೆ ಏಕೆ ಕಪ್ಪಗೆ ಕಾಣುತ್ತದೆ? ಕಣ್ಣಿನ ಒಳಗು ಕಪ್ಪಲ್ಲ. ಅಲ್ಲಿರುವುದು ಕೆಂಪು ಕಿತ್ತಳೆ ಬಣ್ಣದ, ರಕ್ತನಾಳಗಳು ಕವಲೊಡೆದು ಹರಡಿಕೊಂಡಿರುವ ತೆಳುವಾದ ಪೊರೆ. ಒಳಗೆ ಹೋದ ಬೆಳಕಿನಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ಹಿಂದಕ್ಕೂ ಬರುತ್ತದೆ. ಅದನ್ನು ಹಿಡಿಯಬೇಕಾದರೆ ನಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಅಲ್ಲಿಗೆ ತಲೆ ತಂದರೆ ದೀಪದ ಬೆಳಕೇ ಒಳಗೆ ಹೋಗದು. ನೋಡಲು ಹೋದವನ ತಲೆಯೇ ನೋಟಕ್ಕೆ ಅಡ್ಡ. ಹೀಗಾಗಿ ಮನುಷ್ಯ ಸಾವಿರಾರು ವರ್ಷ ಇನ್ನೊಬ್ಬರ ಕಣ್ಣೊಳಗೆ ಕತ್ತಲನ್ನಷ್ಟೇ ಕಂಡ. ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ದೀಪವನ್ನು ಪಕ್ಕದಲ್ಲಿಟ್ಟರು, ಓರೆಯಾಗಿ ಹಿಡಿದ ಗಾಜಿನಿಂದ ಬೆಳಕನ್ನು ಕಣ್ಣಿನೊಳಗೆ ತಿರುಗಿಸಿದರು, ಅದೇ ಗಾಜಿನ ಮೂಲಕ ತಾವು ಒಳಗೆ ನೋಡಿದರು. 1851ರಲ್ಲಿ ಆ ಉಪಕರಣದ ವಿವರ ಪ್ರಕಟವಾಯಿತು. ಜೀವಂತ ಮನುಷ್ಯನ ರಕ್ತನಾಳಗಳನ್ನು ಚರ್ಮ ಕೊಯ್ಯದೆ, ಬರಿಗಣ್ಣಿನ ಎದುರಿಗೆ ಬಂದಂತೆ ಈ ಪೊರೆಯಲ್ಲಿ, ಅಂದರೆ ರೆಟಿನಾದಲ್ಲಿ, ನೋಡಬಹುದು. ಅಂದಿನಿಂದ ಲೆಕ್ಕವಿಲ್ಲದಷ್ಟು ವೈದ್ಯರು ಅಲ್ಲಿ ಇಣುಕಿದ್ದಾರೆ. ಸಕ್ಕರೆ ಕಾಯಿಲೆಯ ರಕ್ತದ ಚುಕ್ಕೆಗಳು, ರಕ್ತದೊತ್ತಡ ಹಿಂಡಿದ ನಾಳಗಳು, ಊದಿಕೊಂಡ ನರದ ತುದಿ, ಎಲ್ಲವನ್ನೂ ಗುರುತಿಸಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ.

2018ರ ಫೆಬ್ರುವರಿಯಲ್ಲಿ ಗೂಗಲ್‌ನ ಸಂಶೋಧಕರು 'ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 2,84,335 ಜನರ ರೆಟಿನಾ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, ಈ ಕಣ್ಣಿನವರ ವಯಸ್ಸೆಷ್ಟು, ರಕ್ತದೊತ್ತಡ ಎಷ್ಟು, ಬೀಡಿ ಸಿಗರೇಟು ಸೇದುತ್ತಾರೆಯೇ, ಗಂಡಸೋ ಹೆಂಗಸೋ ಎಂದು ಕೇಳಿದ್ದರು. ಹಿಂದೆ ಕಂಡಿಲ್ಲದ ಚಿತ್ರಗಳಲ್ಲೂ ಅದು ವಯಸ್ಸನ್ನು ಸರಾಸರಿ ಮೂರೂಕಾಲು ವರ್ಷದ ಅಂತರದಲ್ಲಿ ಹೇಳಿತು. ಒಬ್ಬ ಗಂಡಸಿನ ಮತ್ತು ಒಬ್ಬ ಹೆಂಗಸಿನ ಕಣ್ಣಿನ ಚಿತ್ರವನ್ನು ಜೊತೆಯಾಗಿಟ್ಟರೆ, ಯಾವುದು ಯಾರದೆಂದು ನೂರರಲ್ಲಿ ತೊಂಬತ್ತೇಳು ಸಲ ಸರಿಯಾಗಿ ಹೇಳಬಲ್ಲಷ್ಟು ಅದಕ್ಕೆ ಗೊತ್ತಾಗಿತ್ತು. ರೆಟಿನಾ ನೋಡಿ ಗಂಡು ಹೆಣ್ಣು ಹೇಳಬಹುದೆಂದು ಅದುವರೆಗೆ ಯಾವ ನೇತ್ರತಜ್ಞರೂ ಭಾವಿಸಿರಲಿಲ್ಲ.

ನನ್ನನ್ನು ಬೆರಗುಗೊಳಿಸುವುದು ಯಂತ್ರದ ಜಾಣತನವಲ್ಲ. ಆ ವ್ಯತ್ಯಾಸ ಹೆಲ್ಮ್‌ಹೋಲ್ಟ್ಸ್ ಇಣುಕಿದ ಮೊದಲ ಕಣ್ಣಿನಲ್ಲೂ ಇತ್ತು. ಆಮೇಲೆ ತೆಗೆದ ಪ್ರತಿಯೊಂದು ರೆಟಿನಾ ಫೋಟೋದಲ್ಲೂ ಇತ್ತು. ಆಸ್ಪತ್ರೆಗಳ ಕಪಾಟುಗಳಲ್ಲಿ, ಕಡತಗಳಲ್ಲಿ, ವೈದ್ಯ ವಿದ್ಯಾರ್ಥಿಗಳ ಪಠ್ಯಪುಸ್ತಕದ ಪುಟಗಳಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗೆ ಬಿದ್ದಿತ್ತು. ಕಾಣಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಾದರೂ ಏನಿತ್ತು? ಕಾಯಿಲೆಯವರು ಎದುರಿಗೇ ಕುಳಿತಿದ್ದಾರೆ. ಹೆಸರು, ವಯಸ್ಸು, ಗಂಡು ಹೆಣ್ಣು ಚೀಟಿಯ ಮೇಲ್ತುದಿಯಲ್ಲೇ ಬರೆದಿದೆ. ಅದನ್ನು ತಿಳಿಯಲು ಕಣ್ಣಿನ ಹಿಂಗೋಡೆಯವರೆಗೆ ಹೋಗುವವರು ಯಾರು? ಹೇಗೆ ತಿಳಿಯಿತೆಂದು ಯಂತ್ರವನ್ನೇ ವಿಚಾರಿಸುವ ಪ್ರಯತ್ನವೂ ಆ ಪ್ರಬಂಧದಲ್ಲಿದೆ. ವಯಸ್ಸಿಗೆ ಅದು ರಕ್ತನಾಳಗಳ ಕಡೆ ಬೊಟ್ಟು ಮಾಡಿತು. ಗಂಡು ಹೆಣ್ಣಿನ ಪ್ರಶ್ನೆಗೆ ನರದ ತುದಿ, ನಡುವಿನ ಮ್ಯಾಕ್ಯುಲಾ, ನಾಳಗಳು ಎಂದು ಹೆಚ್ಚುಕಡಿಮೆ ಎಲ್ಲ ಕಡೆಯನ್ನೂ ತೋರಿಸಿತು. ಜಾಗ ತೋರಿಸಿತೇ ಹೊರತು ಗುರುತು ಇಂಥದು ಎನ್ನಲಿಲ್ಲ.

ಯಂತ್ರಕ್ಕೆ ಚಿತ್ರವೆಂದರೆ ಏನು ಎಂಬುದನ್ನು ಯೋಚಿಸಿದರೆ ಈ ಬೆರಗು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕರ್ಶ್ ಎಂಬ ಎಂಜಿನಿಯರ್ ಒಂದು ಫೋಟೋವನ್ನು ಮೊಟ್ಟಮೊದಲ ಬಾರಿಗೆ ಅಂಕಿಗಳಾಗಿಸಿ ಕಂಪ್ಯೂಟರಿನೊಳಗೆ ಇಳಿಸಿದರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಚಿತ್ರ. ಅದರಲ್ಲಿದ್ದುದು ಅವರ ಮೂರು ತಿಂಗಳ ಮಗು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ. ಒಟ್ಟು ಮೂವತ್ತೊಂದು ಸಾವಿರಕ್ಕೂ ಕಡಿಮೆ. ಯಂತ್ರಲೋಕ ಕಂಡ ಮೊದಲ ಮುಖ ಒಂದು ಹಸುಗೂಸಿನದು ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ. ಆದರೆ ಯಂತ್ರ ಅಲ್ಲಿ ಮಗುವನ್ನು ಕಾಣಲಿಲ್ಲ. ಅದಕ್ಕೆ ಸಿಕ್ಕಿದ್ದು ಅಂಕಿಗಳ ಒಂದು ದೊಡ್ಡ ಕೋಷ್ಟಕ. ಎಲ್ಲಿ ಕೆನ್ನೆ ಮುಗಿದು ಹಿನ್ನೆಲೆ ಶುರುವಾಗುತ್ತದೆ? ತಾಯಿಯ ಮುಖವನ್ನು ಕೆಲವೇ ವಾರಗಳಲ್ಲಿ ಗುರುತು ಹಿಡಿಯುವ ಆ ಕೂಸಿಗೆ ಸಲೀಸಾದ ಕೆಲಸ, ಆ ಕೋಷ್ಟಕವನ್ನು ಹಿಡಿದು ಕುಳಿತ ಎಂಜಿನಿಯರುಗಳಿಗೆ ದಶಕಗಟ್ಟಲೆ ಸಾಧ್ಯವಾಗಲಿಲ್ಲ. 1966ರಲ್ಲಿ ಎಂಐಟಿಯಲ್ಲಿ ಬೇಸಿಗೆ ರಜೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಯಂತ್ರದೃಷ್ಟಿಯ ಒಂದು ಮುಖ್ಯ ಭಾಗವನ್ನು ಕಟ್ಟುವ ಯೋಜನೆ ಹಾಕಿದ್ದರು. ಬೇಸಿಗೆ ಮುಗಿಯಿತು, ಆ ಪೀಳಿಗೆಗೆ ವಯಸ್ಸೂ ಆಯಿತು.

ದಾರಿ ಸಿಕ್ಕಿದ್ದು ಬೆಕ್ಕಿನ ಮಿದುಳಿನ ಕಡೆಯಿಂದ. 1958ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನ ಒಂದು ಜೀವಕೋಶಕ್ಕೆ ಸೂಜಿಯಂಥ ತಂತಿ ತಾಗಿಸಿ, ಅದರ ಕಣ್ಣೆದುರಿನ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸುತ್ತಿದ್ದರು. ಕಪ್ಪು ಚುಕ್ಕೆ, ಬಿಳಿ ಚುಕ್ಕೆ, ಯಾವುದಕ್ಕೂ ಕೋಶ ಮಿಸುಕಲಿಲ್ಲ. ಒಂದು ಗಾಜಿನ ಸ್ಲೈಡನ್ನು ಯಂತ್ರದೊಳಗೆ ತೂರಿಸುವಾಗ ಇದ್ದಕ್ಕಿದ್ದಂತೆ ಕೋಶ ಪಟಪಟನೆ ಸದ್ದು ಮಾಡತೊಡಗಿತು. ಚುಕ್ಕೆಗಾಗಿ ಅಲ್ಲ, ಗಾಜಿನ ಅಂಚು ಪರದೆಯ ಮೇಲೆ ಎಳೆದ ನವಿರಾದ ನೆರಳಿನ ಗೆರೆಗಾಗಿ. ಒಂದು ನಿರ್ದಿಷ್ಟ ಓರೆಯಲ್ಲಿ ಸಾಗುವ ಗೆರೆಯನ್ನು ಮಾತ್ರ ಕೇಳುವ ಕೋಶ ಅದು. ಪಕ್ಕದ ಕೋಶಕ್ಕೆ ಇನ್ನೊಂದು ಓರೆ. ಆ ಶೋಧಕ್ಕೆ 1981ರಲ್ಲಿ ನೊಬೆಲ್ ಬಂತು. ಅದೇ ಶೋಧದಿಂದ ಪ್ರೇರಣೆ ಪಡೆದು ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಪದರ ಪದರವಾಗಿ ಚಿತ್ರವನ್ನು ಓದುವ ಒಂದು ಜಾಲವನ್ನು ರೂಪಿಸಿದರು. 2012ರಲ್ಲಿ ಟೊರಾಂಟೊದ ಮೂವರು, ಅಲೆಕ್ಸ್ ಕ್ರಿಝೆವ್ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್, ಇಂಥದೇ ಪದರಗಳ ಜಾಲಕ್ಕೆ ಹನ್ನೆರಡು ಲಕ್ಷ ಚಿತ್ರಗಳಿಂದ ಕಲಿಸಿ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹುದೂರ ಹಿಂದೆ ಬಿಟ್ಟರು.

ಕಲಿಕೆ ಎಂದರೆ ಇಲ್ಲಿ ತಿದ್ದುವುದು, ಅಷ್ಟೇ. ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವಂತೆ, ಒಂದೊಂದು ತಪ್ಪುತ್ತರಕ್ಕೂ ಜಾಲದೊಳಗಿನ ಲಕ್ಷಾಂತರ ಅಂಕಿಗಳನ್ನು ಒಂದು ಕೂದಲೆಳೆಯಷ್ಟು ಸರಿಸುತ್ತ ಹೋಗುವುದು. ಹಾಗೆ ತಿದ್ದಿದ ಮೇಲೆ ಜಾಲದ ಮೊದಲ ಪದರದೊಳಗೆ ಏನಿದೆ ಎಂದು ತೆರೆದು ನೋಡಿದರೆ, ಅಲ್ಲಿ ಗೆರೆಗಳಿದ್ದವು! ಬೇರೆ ಬೇರೆ ಓರೆಯ ಗೆರೆಗಳು. ಗೆರೆಗಳನ್ನು ಹುಡುಕು ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಬೆಕ್ಕಿನ ಮಿದುಳು ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ತಲುಪಿದ ಕಡೆಗೇ, ಲೋಹ ಸಿಲಿಕಾನುಗಳ ಯಂತ್ರವೂ ಬಂದು ತಲುಪಿತ್ತು. ಈ ಜಗತ್ತನ್ನು ನೋಡಹೊರಟವರು ಯಾರೇ ಆಗಲಿ, ಮೊದಲು ಹಿಡಿಯಬೇಕಾದದ್ದು ಅಂಚುಗಳನ್ನೇ ಏನೋ. ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುವ ಆ ಗಡಿಯಲ್ಲೇ ನೋಟವೂ ಶುರುವಾಗುತ್ತದೆ.

ಆ ಸ್ಲೇಟು ಹಿಡಿದ ಕೈಗಳು ಯಾರವು ಎಂಬುದನ್ನು ನಾವು ಬೇಗ ಮರೆಯುತ್ತೇವೆ. 2016ರಲ್ಲಿ ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿಯನ್ನು ಗುರುತಿಸುವ ಯಂತ್ರದ ಬಗ್ಗೆ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ 1,28,175 ಚಿತ್ರಗಳು ಬೇಕಾದವು. ಅವು ಬಂದದ್ದು ಅಮೆರಿಕದ ಒಂದು ತಪಾಸಣಾ ಜಾಲದಿಂದ ಮತ್ತು ಭಾರತದ ಮೂರು ಕಣ್ಣಾಸ್ಪತ್ರೆಗಳಿಂದ: ಅರವಿಂದ, ಶಂಕರ ನೇತ್ರಾಲಯ, ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಐವತ್ನಾಲ್ಕು ನೇತ್ರವೈದ್ಯರು ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲ ನೋಡಿ ದರ್ಜೆ ಕೊಟ್ಟರು. ಒಬ್ಬರು ಸೌಮ್ಯ ಎಂದದ್ದನ್ನು ಇನ್ನೊಬ್ಬರು ಮಧ್ಯಮ ಎಂದರು. ಯಂತ್ರ ಓದಿದ್ದು ಕಣ್ಣುಗಳನ್ನಷ್ಟೇ ಅಲ್ಲ. ಈ ಎಲ್ಲ ವೈದ್ಯರ ಅನುಭವ, ಅನುಮಾನ, ಭಿನ್ನಾಭಿಪ್ರಾಯವನ್ನೂ ಓದಿತು. ಆ ಚಿತ್ರಗಳ ಹಿಂದೆ ಗಲ್ಲವನ್ನು ಕ್ಯಾಮೆರಾದ ಮುಂದಿನ ಪಟ್ಟಿಗೆ ಒತ್ತಿ, ಫಳಕ್ಕನೆ ಹೊಡೆದ ಬೆಳಕಿಗೆ ಕಣ್ಣು ಮಿಟುಕಿಸದೆ ಕುಳಿತ ಸಾವಿರಾರು ಅಪ್ಪ ಅಮ್ಮಂದಿರಿದ್ದಾರೆ. ಜಗತ್ತಿಗೆ ಏನನ್ನೋ ಕೊಟ್ಟೆವೆಂಬ ಅರಿವೂ ಅವರಿಗೆ ಇದ್ದಿರಲಾರದು.

ಕರ್ನಾಟಕದಲ್ಲೇ ನಡೆದಿರುವ ಇನ್ನೊಂದು ಕೆಲಸವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ದಿನ ತುಂಬದೆ ಹುಟ್ಟಿದ ಮಗುವಿನ ರೆಟಿನಾದಲ್ಲಿ ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ದಾರಿ ತಪ್ಪಿ ಬೆಳೆದರೆ ಪೊರೆಯೇ ಕಿತ್ತುಬಂದು ಮಗು ಜೀವನಪೂರ್ತಿ ಕುರುಡಾಗಬಹುದು. ಸಕಾಲಕ್ಕೆ ಲೇಸರ್ ಚಿಕಿತ್ಸೆ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ಆ ಸಕಾಲ ಬಹಳ ಕಿರಿದು. ಹಳ್ಳಿಗಾಡಿನಲ್ಲಿ ಇದನ್ನು ನೋಡಬಲ್ಲ ತಜ್ಞರಿಲ್ಲ. 2008ರಿಂದ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದ 'ಕಿಡ್ರಾಪ್' ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅಂಗೈ ಅಗಲದ ಕೂಸುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ಇಂಟರ್ನೆಟ್ ಮೂಲಕ ತಜ್ಞರಿಗೆ ಕಳಿಸುತ್ತಾರೆ. ವೈದ್ಯರಲ್ಲದ ಈ ತರುಣ ತರುಣಿಯರು ಚಿತ್ರ ಓದುವುದನ್ನೂ ಕಲಿತರು. ಆ ಕಾಯಿಲೆಯಲ್ಲಿ ನಾಳಗಳ ಹಿಗ್ಗು ಸುರುಳಿಯನ್ನು ಯಂತ್ರವೂ ಪರಿಣತರಂತೆ ಗುರುತಿಸಬಲ್ಲದೆಂದು ಅಮೆರಿಕದ ಸಂಶೋಧಕರು 2018ರಲ್ಲಿ ತೋರಿಸಿದರು. ಇಂಥ ಯಂತ್ರ ನಮ್ಮ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಬರಲಿ ಎಂದೇ ನನ್ನ ಆಸೆ. ಚಿತ್ರ ಓದುವ ಕಣ್ಣು ಯಾವುದಾದರೂ ಆಗಲಿ, ಆ ಕೂಸಿನ ಹತ್ತಿರಕ್ಕೆ ವೇಳೆಗೆ ಸರಿಯಾಗಿ ಯಾರಾದರೂ ಹೋಗಬೇಕು.

ಕಣ್ಣಿನ ಹಿಂಗೋಡೆ ಇಷ್ಟು ಹೇಳಿದರೆ, ಮುಂಭಾಗ ಹೇಳುವುದು ಬೇರೊಂದು ಕಥೆ. ಪಾಪೆಯ ಸುತ್ತಲಿನ ಬಣ್ಣದ ಬಳೆಗೆ ಐರಿಸ್ ಎನ್ನುತ್ತಾರೆ. ಅದರ ಎಳೆ, ಸುಕ್ಕು, ಹೊಂಡಗಳು ತಾಯಿಯ ಗರ್ಭದಲ್ಲಿ ಮೂರನೆಯ ತಿಂಗಳಿನಿಂದ ಮೂಡತೊಡಗಿ ಎಂಟನೆಯ ತಿಂಗಳ ಹೊತ್ತಿಗೆ ಬಹುಪಾಲು ಪೂರ್ಣವಾಗುತ್ತವೆ. ಬಣ್ಣವನ್ನು ವಂಶ ನಿರ್ಧರಿಸುತ್ತದೆ, ಆದರೆ ಈ ಸೂಕ್ಷ್ಮ ಹೆಣಿಗೆ ಆಕಸ್ಮಿಕಗಳ ಕೂಟ. ತದ್ರೂಪಿ ಅವಳಿಗಳಲ್ಲೂ ಅದು ಬೇರೆ. ಅಷ್ಟೇಕೆ, ಒಬ್ಬರದೇ ಎಡಗಣ್ಣು ಬಲಗಣ್ಣುಗಳಲ್ಲೂ ಬೇರೆ. ಕೇಂಬ್ರಿಜ್‌ನ ಜಾನ್ ಡೌಗ್ಮನ್ ಈ ಹೆಣಿಗೆಯನ್ನು ಸೊನ್ನೆ ಒಂದುಗಳ 2,048 ಅಂಕಿಯ ಸಾಲಾಗಿ ಬರೆಯುವ ಗಣಿತ ಕಂಡುಹಿಡಿದರು. ಇಬ್ಬರು ಬೇರೆ ಬೇರೆ ಮನುಷ್ಯರ ಸಾಲುಗಳನ್ನು ಜೋಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಅಂಕಿಗಳು ಹೊಂದುವುದಿಲ್ಲ, ನಾಣ್ಯ ಚಿಮ್ಮಿದ ಹಾಗೆ. ಆ ಆಕಸ್ಮಿಕದ ನಿಯಮ ಎಲ್ಲಿ ಮುರಿಯುತ್ತದೋ ಅಲ್ಲಿ ಯಂತ್ರ ಹೇಳುತ್ತದೆ, ಇವರು ಅವರೇ ಎಂದು. 1984ರಲ್ಲಿ ಸ್ಟೀವ್ ಮಕರಿ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರುಗಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ಕಾಣದವರು ಕಡಿಮೆ. 2002ರಲ್ಲಿ ಆಕೆಯನ್ನು ಹುಡುಕಿದಾಗ, ಬಿಸಿಲು ಬಡತನಗಳಲ್ಲಿ ಬೆಂದ ಆ ಮುಖವನ್ನು ನೋಡಿ ಜನ ಸಂದೇಹಪಟ್ಟರೂ ಡೌಗ್ಮನ್‌ರ ಗಣಿತಕ್ಕೆ ಸಂದೇಹ ಉಳಿಯಲಿಲ್ಲ. ಹದಿನೇಳು ಹದಿನೆಂಟು ವರ್ಷಗಳ ಬದುಕು ಮುಖದ ಮೇಲೆಲ್ಲ ಬರೆದಿತ್ತು, ಐರಿಸ್‌ನ ಒಂದು ಎಳೆಯನ್ನೂ ಅಳಿಸಿರಲಿಲ್ಲ.

ಅದೇ ಗಣಿತ ಇಂದು ಆಧಾರ್‌ನೊಳಗೆ ನೂರು ಕೋಟಿಗೂ ಹೆಚ್ಚು ಭಾರತೀಯರ ಕಣ್ಣುಗಳನ್ನು ಕಾಯುತ್ತಿದೆ. ಕಳೆ ಕಿತ್ತು, ಕಲ್ಲು ಹೊತ್ತು, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದುಹೋದ ಅಜ್ಜಿಯ ಗುರುತನ್ನು ಹೆಬ್ಬೆರಳು ಹೇಳಲಾರದಾಗ ಕಣ್ಣು ಹೇಳುತ್ತದೆ. ಗರ್ಭದ ಕತ್ತಲಲ್ಲಿ ಯಾವ ಉದ್ದೇಶವೂ ಇಲ್ಲದೆ ಮೂಡಿದ ಸುಕ್ಕೊಂದು ಎಪ್ಪತ್ತು ವರ್ಷಗಳ ಮೇಲೆ ಆಕೆಯ ರೇಷನ್ ಅಕ್ಕಿಗೆ ಸಾಕ್ಷಿಯಾಗುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಆದರೆ ಯಂತ್ರ ಅಲ್ಲಿ ಕೇಳುವುದು 'ನೀನು ಯಾರು?' ಎಂದಷ್ಟೇ. ಹಸಿದಿದ್ದೀಯಾ ಎಂದು ಕೇಳುವವರು ಆ ಯಂತ್ರದ ಈಚೆ ಬದಿಯಲ್ಲಿ ಇರಬೇಕಾಗುತ್ತದೆ.

ನೋಡುವವರ ಪ್ರಶ್ನೆ ಎಷ್ಟು ಬಿಗಿಯಾಗಿ ಕಣ್ಣು ಕಟ್ಟಬಲ್ಲದು ಎಂಬುದಕ್ಕೆ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕು. ಇಪ್ಪತ್ನಾಲ್ಕು ಜನ ನುರಿತ ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನೊಳಗೆ ಗಂಟಿಗಿಂತ ನಲವತ್ತೆಂಟು ಪಟ್ಟು ದೊಡ್ಡದಾದ ಗೊರಿಲ್ಲಾದ ಚಿತ್ರವೊಂದನ್ನು ಸೇರಿಸಿದ್ದರು. ಇಪ್ಪತ್ತು ಜನಕ್ಕೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೇ ಹಾದುಹೋಗಿತ್ತೆಂದು ಕಣ್ಣಿನ ಚಲನೆಯನ್ನು ಅಳೆದ ಉಪಕರಣ ತೋರಿಸಿತು. ಇದು ವೈದ್ಯರ ಅಸಡ್ಡೆಯಲ್ಲ, ಏಕಾಗ್ರತೆಯ ಬೆಲೆ. ವಿಮಾನ ನಿಲ್ದಾಣದ ಬ್ಯಾಗು ತಪಾಸಣೆಯಲ್ಲಿ ಇನ್ನೊಂದು ಬಗೆಯ ಕಷ್ಟ. ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಹುಡುಕುವ ವಸ್ತು ಎರಡರಲ್ಲಿ ಒಂದು ಚಿತ್ರದಲ್ಲಿ ಇದ್ದಾಗ ಜನ ಅದನ್ನು ತಪ್ಪಿಸಿಕೊಳ್ಳುವುದು ನೂರಕ್ಕೆ ಏಳು ಸಲ. ನೂರರಲ್ಲಿ ಒಂದೇ ಚಿತ್ರದಲ್ಲಿ ಇದ್ದಾಗ ಮೂವತ್ತು ಸಲ. ಅಪರೂಪವಾದದ್ದನ್ನು ಕಣ್ಣು ನಂಬುವುದನ್ನೇ ಬಿಡುತ್ತದೆ. ಇಂಥಲ್ಲಿ ದಣಿಯದ, ಬೇಸರವರಿಯದ ಯಂತ್ರವೊಂದು ಪಕ್ಕದಲ್ಲಿದ್ದರೆ ಎಷ್ಟು ಬಲ! ಆದರೆ ಗಂಟು ಹುಡುಕಲು ಮಾತ್ರ ಕಲಿತ ಯಂತ್ರ ಗೊರಿಲ್ಲಾವನ್ನು ಗೊರಿಲ್ಲಾ ಎಂದು ಎಂದಿಗೂ ಹೇಳದು. ಅಲ್ಲಿ ನಾಲ್ವರು ವೈದ್ಯರಾದರೂ ಕಂಡರು.

ನೋಡುವುದಕ್ಕೂ ತಿಳಿಯುವುದಕ್ಕೂ ಇರುವ ದೂರವನ್ನು ನನಗೆ ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ಪಾರಿವಾಳಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಬಾಂಬಿನ ಮೂತಿಯೊಳಗೆ ಪಾರಿವಾಳಗಳನ್ನು ಕೂರಿಸಿ, ಗುರಿಯ ಚಿತ್ರವನ್ನು ಅವು ಕುಕ್ಕಿದ ಕಡೆಗೆ ಬಾಂಬು ತಿರುಗುವಂತೆ ಮಾಡಲು ಹೊರಟಿದ್ದರು. 1944ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು, ಹಕ್ಕಿಗಳ ಅದೃಷ್ಟ. 2015ರಲ್ಲಿ ಅಮೆರಿಕದಲ್ಲೇ ರಿಚರ್ಡ್ ಲೆವೆನ್ಸನ್, ಎಡ್ವರ್ಡ್ ವಾಸರ್‌ಮನ್ ಮತ್ತಿತರರು ಪಾರಿವಾಳಗಳಿಗೆ ಸ್ತನ ಕ್ಯಾನ್ಸರಿನ ಅಂಗಾಂಶದ ಚಿತ್ರಗಳನ್ನು ತೋರಿಸಿ, ಸರಿಯಾಗಿ ಕುಕ್ಕಿದರೆ ಕಾಳು ಕೊಟ್ಟರು. ಎರಡು ವಾರಗಳಲ್ಲಿ ಅವು ನೂರಕ್ಕೆ ಎಂಬತ್ತೈದರಷ್ಟು ಸರಿ ಹೇಳಿದವು, ಹೊಸ ಚಿತ್ರಗಳಲ್ಲೂ ಹೇಳಿದವು. ನಾಲ್ಕು ಹಕ್ಕಿಗಳ ತೀರ್ಪನ್ನು ಕೂಡಿಸಿದರೆ ತೊಂಬತ್ತೊಂಬತ್ತು. ಮ್ಯಾಮೊಗ್ರಾಮ್‌ನ ಗಡ್ಡೆಗಳ ವಿಷಯಕ್ಕೆ ಬಂದಾಗ ಮಾತ್ರ ಹಳೆಯ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡವೇ ಹೊರತು ಹೊಸದರಲ್ಲಿ ಸೋತವು. ಬಾಂಬಿನಲ್ಲೂ ಪ್ರಯೋಗಾಲಯದಲ್ಲೂ ಹಕ್ಕಿಗೆ ಗೊತ್ತಿದ್ದದ್ದು ಕಾಳು ಮಾತ್ರ. ಒಂದು ಹಡಗಿನ ಸಾವು, ಒಬ್ಬ ತಾಯಿಯ ಬದುಕು, ಎರಡೂ ಅದರ ಕೊಕ್ಕಿಗೆ ಒಂದೇ.

ಯಂತ್ರಗಳ ವಿಷಯವೂ ಹೀಗೇ. ಕಲಿಯುವ ಯಂತ್ರಗಳ ಮುತ್ತಜ್ಜನಂತಿದ್ದ, ನಾನ್ನೂರು ಬೆಳಕಿನ ಕೋಶಗಳ ಪರ್ಸೆಪ್ಟ್ರಾನ್ ಅನ್ನು ಫ್ರಾಂಕ್ ರೋಸೆನ್‌ಬ್ಲಾಟ್ ಕಟ್ಟಿದ್ದು ಅಮೆರಿಕದ ನೌಕಾಪಡೆಯ ಹಣದಲ್ಲಿ. ಕಣ್ಣು ಉಳಿಸುವ ಗಣಿತ ಮತ್ತು ಗುರಿ ಇಡುವ ಗಣಿತ ಒಂದೇ ಮನೆಯಲ್ಲಿ ಬೆಳೆದವು. 2017ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಡ್ರೋನುಗಳು ತೆಗೆದ ವಿಡಿಯೊಗಳನ್ನು ಯಂತ್ರದಿಂದ ಓದಿಸಲು 'ಪ್ರಾಜೆಕ್ಟ್ ಮೇವನ್' ಆರಂಭಿಸಿ ಗೂಗಲ್‌ನ ನೆರವು ಪಡೆಯಿತು. ಗೂಗಲ್‌ನ ಆ ರೆಟಿನಾ ಪ್ರಬಂಧ ಬಂದ 2018ರಲ್ಲೇ ಆ ಕಂಪನಿಯ ಸಾವಿರಾರು ನೌಕರರು ಇದು ಬೇಡವೆಂದು ಸಹಿ ಹಾಕಿದರು. ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ಕಂಪನಿ ಹೇಳಿತು. ಆ ಸಹಿಗಳನ್ನು ನಾನು ಗೌರವಿಸುತ್ತೇನೆ. ಯಂತ್ರಕ್ಕೆ ಕಲಿಸಿದವರೇ ನಿಂತು, ಇದನ್ನು ಯಾರು ಕೇಳುತ್ತಿದ್ದಾರೆ, ಏಕೆ ಕೇಳುತ್ತಿದ್ದಾರೆ ಎಂದು ವಿಚಾರಿಸಿದ್ದರು.

ಇಡೀ ವಿಷಯ ಒಬ್ಬ ಮನುಷ್ಯನ ತಲೆಯ ಮೇಲೆ ಬಂದು ಕೂತ ರಾತ್ರಿಯೊಂದಿದೆ: 1983ರ ಸೆಪ್ಟೆಂಬರ್ 26. ಮಾಸ್ಕೊದ ಹತ್ತಿರದ ಸೆರ್ಪುಖೊವ್-15 ಎಂಬ ನೆಲಮಾಳಿಗೆಯ ಕೇಂದ್ರದಲ್ಲಿ ಕರ್ತವ್ಯದಲ್ಲಿದ್ದವರು ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆತ್ರೋವ್. ಮೂರು ವಾರ ಹಿಂದಷ್ಟೇ ಸೋವಿಯತ್ ಯುದ್ಧವಿಮಾನವೊಂದು ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತ್ತು. ಜಗತ್ತು ಕಾದ ಹೆಂಚಿನ ಮೇಲಿತ್ತು. ನಡುರಾತ್ರಿ ದಾಟಿದ ಮೇಲೆ ಸೈರನ್ ಕೂಗಿತು. ಅಮೆರಿಕದ ನೆಲದಿಂದ ಕ್ಷಿಪಣಿಯೊಂದು ಮೇಲೆದ್ದಿದೆ ಎಂದು ಉಪಗ್ರಹಗಳ ಚಿತ್ರ ಓದುವ ವ್ಯವಸ್ಥೆ ಹೇಳಿತು. ಆಮೇಲೆ ಎರಡನೆಯದು, ಮೂರನೆಯದು; ಒಟ್ಟು ಐದು. ಆ ಉಪಗ್ರಹಗಳು ಭೂಮಿಯ ಅಂಚನ್ನು ಓರೆಯಿಂದ ನೋಡುತ್ತ, ಕಪ್ಪು ಆಕಾಶದ ಹಿನ್ನೆಲೆಯಲ್ಲಿ ಹೊತ್ತುವ ಜ್ವಾಲೆಗಾಗಿ ಕಾಯುತ್ತಿದ್ದವು. ಆ ಕ್ಷಣದಲ್ಲಿ ಅವುಗಳಿಗೆ ಕಂಡದ್ದು ಎತ್ತರದ ಮೋಡಗಳ ಮೇಲೆ ಹೊಳೆದ ಸೂರ್ಯನ ಬೆಳಕು. ಉಜ್ವಲವಾದದ್ದೇನಾದರೂ ಇದೆಯೇ ಎಂದು ಅವುಗಳಿಗೆ ಕೇಳಲು ಕಲಿಸಿದ್ದರು. ಇದೆ ಎಂದು ಅವು ಪ್ರಾಮಾಣಿಕವಾಗಿಯೇ ಹೇಳಿದವು.

ಪೆತ್ರೋವ್ ಬೇರೆ ಪ್ರಶ್ನೆ ಕೇಳಿಕೊಂಡರು. ಯುದ್ಧವನ್ನೇ ಹೂಡುವವರು ಐದೇ ಕ್ಷಿಪಣಿಗಳಿಂದ ಶುರುಮಾಡುತ್ತಾರೆಯೇ? ವ್ಯವಸ್ಥೆ ಹೊಸದು, ಅದನ್ನು ಅವರು ಪೂರ್ತಿ ನಂಬಿರಲಿಲ್ಲ. ನೆಲದ ಮೇಲಿನ ರೇಡಾರುಗಳಲ್ಲಿ ಇನ್ನೂ ಏನೂ ಕಾಣಿಸಿರಲಿಲ್ಲ. ಇದು ಸುಳ್ಳು ಎಚ್ಚರಿಕೆ ಎಂದು ಅವರು ಮೇಲಿನವರಿಗೆ ಫೋನಿನಲ್ಲಿ ತಿಳಿಸಿದರು, ತಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗಲು ಬೇಕಾದ ನಿಮಿಷಗಳನ್ನು ಕಾದರು. ಕ್ಷಿಪಣಿಗಳು ಬರಲಿಲ್ಲ.

ಆಮೇಲಿನ ವಿಚಾರಣೆಯಲ್ಲಿ, ಆ ರಾತ್ರಿಯ ದಾಖಲೆ ಪುಸ್ತಕವನ್ನು ಸರಿಯಾಗಿ ತುಂಬಿಲ್ಲವೆಂದು ಅವರ ಮೇಲೆ ಆಕ್ಷೇಪಣೆ ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಂಟರ್‌ಕಾಮ್, ಬರೆಯಲು ಮೂರನೆಯ ಕೈ ಇರಲಿಲ್ಲ ಎಂದು ಅವರು ವಿವರಿಸಿದರಂತೆ. ಕೈ ಇದ್ದಿದ್ದರೂ ಏನು ಬರೆಯಬಹುದಿತ್ತು ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಸೈರನ್ ಕೂಗಿದ ವೇಳೆ, ಉಪಗ್ರಹದ ಸಂಖ್ಯೆ, ಪರದೆಯ ಮೇಲೆ ಮೂಡಿದ್ದು, ಇವಕ್ಕೆಲ್ಲ ಇಂಥ ಪುಸ್ತಕಗಳಲ್ಲಿ ಜಾಗ ಇರುತ್ತದೆ. 'ಐದೇ ಏಕೆ?' ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಇಂದು ಚಿತ್ರ ಓದುವ ಯಂತ್ರಗಳನ್ನು ಆಸ್ಪತ್ರೆಗೆ, ಗಡಿಗೆ, ವಿಮಾನ ನಿಲ್ದಾಣಕ್ಕೆ ರೂಪಿಸುತ್ತಿರುವ ತರುಣರಲ್ಲಿ ಬೆಂಗಳೂರಿನವರೂ ಬಹಳ ಮಂದಿ ಇದ್ದಾರೆ. ಆ ಕಾಲಮ್ಮನ್ನು ಪರದೆಯ ಯಾವ ಮೂಲೆಯಲ್ಲಿ ಇಡುತ್ತೀರಿ, ಅದನ್ನು ತುಂಬಲು ಎದುರಿಗೆ ಕುಳಿತವರಿಗೆ ಎಷ್ಟು ನಿಮಿಷ ಕೊಡುತ್ತೀರಿ ಎಂದು ಅವರನ್ನು ಕೇಳಬೇಕೆನಿಸುತ್ತದೆ.